ಕಮಾನಿಗೆ ಹಚ್ಚಿದ ಎಣ್ಣೆ

ವಾದ್ಯದ ಕಮಾನಿಗೆ ಎಣ್ಣೆ ಹಚ್ಚಿದವಳು ನಾನು, ಮೊಮ್ಮಗಳಲ್ಲ. ನಮ್ಮ ನೆಂಟರಲ್ಲಿ ಈಗಲೂ ಅದು ಅವಳ ಬೇಜವಾಬ್ದಾರಿ ಅಂತಲೇ ಮಾತಿದೆ. ಅದಕ್ಕೆ ಇದನ್ನು ಮೊದಲೇ ಬರೆದುಬಿಡುತ್ತೇನೆ. ನಾನು ಓದಿದ್ದು ಮೂರನೇ ಕ್ಲಾಸು, ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮೂರು ಕಿಬ್ಬನಹಳ್ಳಿ ಕ್ರಾಸಿನಿಂದ ಒಳಗೆ ಒಂದೂವರೆ ಮೈಲಿ. ತೆಂಗಿನ ತೋಟ, ಒಂದಷ್ಟು ರಾಗಿ ಹೊಲ, ಎರಡು ಎಮ್ಮೆ. ಕಾಯಿ ಕಿತ್ತು ಅಟ್ಟಕ್ಕೆ ಹಾಕಿದರೆ ಸುಮಾರು ಒಂದು ವರ್ಷ ಅಲ್ಲೇ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆಯಾದ ಮೇಲೆ ಸುಲಿದು, ಒಡೆದು, ಕೊಬ್ಬರಿ ತೆಗೆಯುವುದು. ಚಿಪ್ಪು ಬಿಟ್ಟಿದೆಯೋ ಇಲ್ಲವೋ ಅಂತ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಬೇಕು. ಬಿಟ್ಟ ಕಾಯಿ ಲೊಡ್ ಲೊಡ್ ಅನ್ನುತ್ತೆ. ನೀರಿರುವ ಕಾಯಿ ಕುಳಕ್ ಅನ್ನುತ್ತೆ. ಆ ಕೆಲಸ ನನ್ನದು. ನನ್ನ ಕಿವಿ ತಪ್ಪಿದ್ದು ಕಡಿಮೆ.

ನನ್ನ ಮಗಳು ಎರಡನೇ ಹೆರಿಗೆಯಲ್ಲಿ ಸತ್ತಳು. ಮಗುವೂ ಉಳಿಯಲಿಲ್ಲ. ಅಳಿಯ ವರ್ಷದೊಳಗೆ ಇನ್ನೊಂದು ಮದುವೆಯಾದ. ತಪ್ಪು ಅಂತ ನಾನು ಹೇಳಲಿಲ್ಲ, ಅವನಿಗೆ ಅನ್ನ ಬೇಯಿಸಿ ಹಾಕುವವರು ಬೇಕಿತ್ತು. ನನ್ನ ಮಗಳ ಮೊದಲ ಹುಡುಗಿ, ಹತ್ತು ವರ್ಷದವಳು, ನಮ್ಮ ಮನೆಗೆ ಬಂದಳು. ಸತ್ತ ಮಗಳನ್ನು ಆಸ್ಪತ್ರೆಯಿಂದ ತಂದು ಪಡಸಾಲೆಯಲ್ಲಿ ಮಲಗಿಸಿದಾಗ ಅವಳ ತಲೆಕೂದಲು ಎಣ್ಣೆ ಕಾಣದೆ ಹುಲ್ಲಾಗಿತ್ತು. ಬಂದವರೆಲ್ಲ ಮುಖ ನೋಡಿ ಅತ್ತರು. ನಾನು ಕೂದಲು ನೋಡುತ್ತಾ ಕೂತಿದ್ದೆ. ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ನಮ್ಮ ಯಜಮಾನರು ಹೇಳಿದರೆ ಉಂಟು, ನನ್ನ ನಾಲಿಗೆಗೆ ತಿಳಿಯುತ್ತಿರಲಿಲ್ಲ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಹುಡುಗಿಯ ತಲೆಗೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚಿ ಜಡೆ ಹಾಕುವುದನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಅವಳು ಹೈಸ್ಕೂಲಿಗೆ ತಿಪಟೂರಿಗೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಒಂದು ಗಂಟೆ ಕಾಯಬೇಕು. ಅಲ್ಲಿ ಒಬ್ಬರು ವಯಸ್ಸಾದ ಮೇಷ್ಟ್ರಿದ್ದರು. ಮೈಸೂರಿನಲ್ಲಿ ಇಂಗ್ಲಿಷ್ ವಾದ್ಯದವರ ಜೊತೆ ನುಡಿಸಿಕೊಂಡಿದ್ದು, ಕೆಲಸ ನಿಂತ ಮೇಲೆ ತಂಗಿಯ ಮನೆಗೆ ಬಂದು ಸೇರಿಕೊಂಡಿದ್ದವರು. ಅವರ ಜಗಲಿಯಲ್ಲಿ ಇವಳು ಬಸ್ಸಿಗೆ ಕಾಯುತ್ತಾ ಕೂರುತ್ತಿದ್ದಳಂತೆ. ದಿನಾ ಕೂರುವವಳು ಸುಮ್ಮನೆ ಯಾಕೆ ಕೂರಬೇಕು ಅಂತ ಅವರು ಕಲಿಸೋಕೆ ಶುರು ಮಾಡಿದರು. ಅವರ ವಾದ್ಯದ ಹೆಸರು ವಯೋಲ. ಪಿಟೀಲಿನ ಹಾಗೇ ಇರುತ್ತೆ, ಅದಕ್ಕಿಂತ ಎರಡು ಮೂರು ಬೆರಳು ಉದ್ದ, ದನಿ ದಪ್ಪ. ನಮ್ಮೂರಲ್ಲಿ ಅದಕ್ಕೆ ದೊಡ್ಡ ಪಿಟೀಲು ಅಂತಲೇ ಹೆಸರು. ಎರಡು ವರ್ಷ ಕಳೆದ ಮೇಲೆ ಅವರು ಅದನ್ನು ಪೆಟ್ಟಿಗೆ ಸಮೇತ ಅವಳ ಕೈಗೇ ಕೊಟ್ಟು ಕಳಿಸಿದರು.

ಅಟ್ಟದ ಕೆಳಗಿನ ಕೋಣೆಯಲ್ಲಿ ನಿಂತುಕೊಂಡು ನುಡಿಸುತ್ತಿದ್ದಳು. ಕಾಯಿ ಸುಲಿಯಲು ಬರುತ್ತಿದ್ದವನು ಒಂದು ದಿನ ಕೇಳಿದ, "ಏನಜ್ಜಿ, ಮೊಮ್ಮಗಳು ಎಮ್ಮೆ ಕರೆಯೋದು ಕಲೀತಾವ್ಳಾ?"

"ಅವಳು ಕರೆದ್ರೆ ಎಮ್ಮೆಯಾದ್ರೂ ಬತ್ತದೆ ಕಣ್ಲಾ," ಅಂದೆ. "ನೀನು ಕರೆದ್ರೆ ಹೆಂಡ್ತೀನೂ ಬರಲ್ಲ. ಸುಲಿ ಕಾಯಿ."

ಹೆಂಡತಿ ತವರಿಗೆ ಹೋಗಿ ಕೂತಿದ್ದಳು. ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ನನಗೂ ಹುಡುಗಿಗೂ ಜಗಳ ಅಂತ ಆದದ್ದು ಒಂದೇ ವಿಷಯಕ್ಕೆ. ಕೊಬ್ಬರಿ ಒಡೆಯುವ ಕಾಲದಲ್ಲಿ ಮನೆ ಹೆಂಗಸರೆಲ್ಲ ಕೂರಬೇಕು. ಅವಳು ಬರುತ್ತಿರಲಿಲ್ಲ.

"ನಾನು ಕೊಬ್ಬರಿ ಮುಟ್ಟಂಗಿಲ್ಲ ಅಜ್ಜಿ. ಕೈಲಿ ಎಣ್ಣೆ ಜಿಡ್ಡು ಇದ್ರೆ ಆಗಲ್ಲ ಅಂತಾರೆ ಮೇಷ್ಟ್ರು."

"ಚಟ್ನಿ ತಿನ್ನಂಗಿದೀಯಾ?"

"ಹೂಂ."

"ಅದಕ್ಕೆ ಜಿಡ್ಡು ಅಡ್ಡ ಬರಲ್ಲ."

ಕೆಲಸ ತಪ್ಪಿಸಿಕೊಳ್ಳೋಕೆ ಹೂಡಿದ ಆಟ ಅಂತಲೇ ತಿಳಿದಿದ್ದೆ. ಎಣ್ಣೆಯಿಂದ ಕೆಡುವ ವಸ್ತು ಒಂದಿದೆ ಅಂತ ನಮ್ಮ ಕಡೆಯವರ ತಲೆಗೆ ಹತ್ತುವುದಿಲ್ಲ. ಬಾಗಿಲು ಕಿರುಗುಟ್ಟಿದರೆ ಎಣ್ಣೆ, ಹಿಮ್ಮಡಿ ಒಡೆದರೆ ಎಣ್ಣೆ, ಮಗು ಅತ್ತರೆ ನೆತ್ತಿಗೆ ಎಣ್ಣೆ.

ಅವಳಿಗೆ ಹದಿನೇಳು ತುಂಬಿದ ವರ್ಷ ಮೇಷ್ಟ್ರು ಒಂದು ಕಾಗದ ಹಿಡಿದುಕೊಂಡು ಮನೆಗೇ ಬಂದರು. ಹೊರದೇಶದಲ್ಲಿ ವಯೋಲ ನುಡಿಸುವ ಹುಡುಗ ಹುಡುಗಿಯರಿಗೆ ಅಂತಲೇ ಒಂದು ಸ್ಪರ್ಧೆ, ಎಲ್ಲ ದೇಶದವರೂ ಬರುತ್ತಾರೆ, ಇಪ್ಪತ್ತರ ಒಳಗಿರಬೇಕು, ಅಂದರು. ನಮ್ಮ ದೇಶದಿಂದ ಒಬ್ಬರನ್ನು ಕಳಿಸುತ್ತಾರೆ. ಅದಕ್ಕೆ ಬೆಂಗಳೂರಿಗೆ ಇಬ್ಬರು ಬಂದು ನುಡಿಸಿದ್ದನ್ನು ಕೇಳುತ್ತಾರೆ. ಆರಿಸಿದರೆ ಹೋಗಿ ಬರುವ ಖರ್ಚೆಲ್ಲ ಅವರದೇ. ಅಲ್ಲಿ ಚೆನ್ನಾಗಿ ನುಡಿಸಿದವರನ್ನು ಅಲ್ಲೇ ಇಟ್ಟುಕೊಂಡು ಕಲಿಸುತ್ತಾರಂತೆ.

ನಮ್ಮ ಯಜಮಾನರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವರು ಕೈ ನಿಲ್ಲಿಸಿದರು. "ಎತ್ತಿನಗಾಡಿ ಓಟ ಕೇಳಿದೀನಿ, ಕುಸ್ತಿ ಕೇಳಿದೀನಿ. ಪಿಟೀಲಿಗೂ ಪಂದ್ಯಾನಾ ಸ್ವಾಮಿ? ಸೋತೋರಿಗೆ ಏನ್ಮಾಡ್ತಾರೆ?"

"ಸೋತೋರು ಮನೆಗೆ ಬರ್ತಾರೆ."

"ಗೆದ್ದೋರು?"

ಮೇಷ್ಟ್ರು ಹುಡುಗಿ ಕಡೆ ನೋಡಿದರು. ಅವಳು ಕಂಬ ಹಿಡಿದುಕೊಂಡು ನಿಂತಿದ್ದಳು. "ನಾನು ಕಲಿಸಬೇಕಾದ್ದು ಮುಗೀತು ಯಜಮಾನರೆ. ಇನ್ನು ಮುಂದಕ್ಕೆ ಕಲಿಸೋರು ಈ ಸೀಮೇಲಿ ಇಲ್ಲ," ಅಂದರು.

ಅವಳಿಗೆ ಹೋಗಲೇಬೇಕು ಅಂತ ಇತ್ತು. ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ಅವತ್ತಿನಿಂದ ಆರು ತಿಂಗಳು ಒಂದೇ ಪಾಠವನ್ನು ಬೆಳಿಗ್ಗೆ ಸಂಜೆ ನುಡಿಸಿದಳು. ಕೇಳಿ ಕೇಳಿ ಅದರ ಪ್ರತಿ ತಿರುವೂ ನನಗೆ ತಿಳಿದುಹೋಯಿತು. ನಡುವೆ ಒಂದು ಏರು ಬರುತ್ತೆ, ಅಲ್ಲಿ ಎಡವುತ್ತಿದ್ದಳು. ಐದನೇ ತಿಂಗಳಿನಲ್ಲಿ ಎಡವುವುದು ನಿಂತಿತು. ನಾನು ಅಟ್ಟದ ಮೇಲೆ ಕಾಯಿ ಆರಿಸುತ್ತಾ ಅದನ್ನು ಗಮನಿಸಿದೆ. ಸಂತೋಷ ಆಯಿತು ಅಂತ ಬರೆದರೆ ಸುಳ್ಳು. ಗಮನಿಸಿದೆ, ಅಷ್ಟೆ.

ಬೆಂಗಳೂರಿಗೆ ಹೊರಟ ದಿನ ಬೆಳಿಗ್ಗೆ ಎದ್ದು ಒಂದು ಸಲ ನುಡಿಸಿ, ಪೆಟ್ಟಿಗೆ ತೆರೆದೇ ಇಟ್ಟು, ತಲೆ ಕೊಟ್ಟು ಕೂತಳು. ಬಟ್ಟಲಲ್ಲಿ ಎಣ್ಣೆ ತೆಗೆದುಕೊಂಡು ಹಚ್ಚಿ ಬಿಗಿಯಾಗಿ ಜಡೆ ಹಾಕಿದೆ. ಅವಳು ಲಂಗ ದಾವಣಿ ಉಟ್ಟುಕೊಳ್ಳಲು ಒಳಗೆ ಹೋದಳು. ಬಟ್ಟಲಲ್ಲಿ ಎಣ್ಣೆ ಮಿಕ್ಕಿತ್ತು. ತಲೆಗೆ ಅಂತ ತೆಗೆದ ಎಣ್ಣೆಯನ್ನು ನಮ್ಮ ಮನೆಯಲ್ಲಿ ಮತ್ತೆ ಡಬ್ಬಕ್ಕೆ ಹುಯ್ಯುವುದಿಲ್ಲ, ಯಾವುದಕ್ಕಾದರೂ ಹಚ್ಚಿಬಿಡಬೇಕು. ನನ್ನ ಅತ್ತೆ ಹಾಗೇ ಮಾಡುತ್ತಿದ್ದರು. ಪೆಟ್ಟಿಗೆಯಲ್ಲಿ ಕಮಾನು ಕಂಡಿತು. ಅದಕ್ಕೆ ಕಟ್ಟಿರುವುದು ಕುದುರೆಯ ಬಾಲದ ಕೂದಲು ಅಂತ ಅವಳೇ ಹೇಳಿದ್ದಳು. ಸಡಿಲವಾಗಿ ಜೋತುಬಿದ್ದಿತ್ತು. ಹತ್ತಿರದಿಂದ ನೋಡಿದರೆ ಉದ್ದಕ್ಕೂ ಬಿಳಿ ಪುಡಿ, ತಲೆಯಲ್ಲಿ ಹೊಟ್ಟಾದ ಹಾಗೆ. ಒಣಕಲು. ಮುಟ್ಟಿದರೆ ಹುಲ್ಲು.

ದೊಡ್ಡವರ ಮುಂದೆ ಹೋಗುವಾಗ ಹೀಗಿರಬಾರದು ಅನ್ನಿಸಿತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತುದಿಯಿಂದ ಬುಡದವರೆಗೆ ಎರಡು ಬೆರಳಲ್ಲಿ ಎಣ್ಣೆ ಎಳೆದೆ. ಚೆನ್ನಾಗಿ ಹೊಳೆಯಿತು. ಪೆಟ್ಟಿಗೆ ಮುಚ್ಚಿದೆ.

ಕ್ರಾಸಿನಲ್ಲಿ ಮೇಷ್ಟ್ರು ಕಾಯುತ್ತಿದ್ದರು. ಮೂರು ಜನ ಬಸ್ಸು ಹತ್ತಿದೆವು. ತುಮಕೂರು ದಾಟುವವರೆಗೂ ಅವಳು ತೊಡೆಯ ಮೇಲೆ ಬೆರಳು ಆಡಿಸುತ್ತಾ ಕೂತಿದ್ದಳು.

ಅಲ್ಲಿ ಒಂದು ದೊಡ್ಡ ಹಾಲು, ಹೊರಗೆ ಉದ್ದದ ಪಡಸಾಲೆ. ಎಲ್ಲೆಲ್ಲಿಂದಲೋ ಬಂದ ಏಳೆಂಟು ಮಕ್ಕಳು ಗೋಡೆ ಕಡೆ ತಿರುಗಿಕೊಂಡು ತಮ್ಮ ತಮ್ಮದು ನುಡಿಸಿ ನೋಡಿಕೊಳ್ಳುತ್ತಿದ್ದರು. ಅವಳೂ ಪೆಟ್ಟಿಗೆ ತೆರೆದಳು. ಕಮಾನು ಬಿಗಿ ಮಾಡಿ ತಂತಿಯ ಮೇಲೆ ಎಳೆದಳು. ಸದ್ದಿಲ್ಲ. ಇನ್ನೊಂದು ಸಲ ಎಳೆದಳು. ಪಾಚಿ ಕಲ್ಲಿನ ಮೇಲೆ ಕಾಲು ಜಾರಿದ ಹಾಗೆ ಜಾರಿತು. ಬೆರಳಿಂದ ಕೂದಲು ಮುಟ್ಟಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನನ್ನ ಕಡೆ ನೋಡಿದಳು.

ಮೇಷ್ಟ್ರು ಕಮಾನು ಕಿತ್ತುಕೊಂಡರು. ಜೇಬಿನಿಂದ ಒಂದು ರಾಳದ ಬಿಲ್ಲೆ ತೆಗೆದು ಗಸಗಸ ಉಜ್ಜಿದರು. ಆ ಬಿಳಿ ಪುಡಿ ಬರುವುದು ಆ ಬಿಲ್ಲೆಯಿಂದ, ಆ ಪುಡಿ ಇದ್ದರೇ ಕೂದಲು ತಂತಿಯನ್ನು ಹಿಡಿಯುವುದು ಅಂತ ನನಗೆ ಆಗ ತಿಳಿಯಿತು. ಎಣ್ಣೆಯ ಮೇಲೆ ರಾಳ ಕೂರಲಿಲ್ಲ, ಉಂಡೆ ಉಂಡೆಯಾಯಿತು.

"ಯಾರು ಎಣ್ಣೆ ಮುಟ್ಟಿಸಿದ್ದು?"

"ನಾನೇ ಸಾರ್," ಅಂದಳು. "ತಲೆ ಬಾಚಿಕೊಂಡ ಕೈಯಲ್ಲಿ ಮುಟ್ಟಿಬಿಟ್ಟೆ."

"ಐದು ವರ್ಷ ಬಡ್ಕೊಂಡಿದ್ದೇನು ನಾನು? ವಾದ್ಯದ ಮೇಲೆ ಮರ್ಯಾದೆ ಇಲ್ಲದೋಳು ನೀನು. ಇವತ್ತೇನಾ? ಇವತ್ತೇನಾ ನಿನಗೆ ಸಿಕ್ಕಿದ್ದು?"

ಎಲ್ಲರೂ ತಿರುಗಿ ನೋಡಿದರು. ನಾನು ಅವರಿಬ್ಬರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿದ್ದೆ. ಬಾಯಿ ತೆರೆಯಬೇಕು ಅಂತ ತಿಳಿಯುತ್ತಿತ್ತು. ತೆರೆಯಲಿಲ್ಲ. ಹೆದರಿಕೆಯಲ್ಲ, ನಾಚಿಕೆಯೂ ಅಲ್ಲ. ಬೇರೆ ಯಾರದೋ ಮನೆಯ ಮಾತನ್ನು ಗೋಡೆಯ ಆಚೆಯಿಂದ ಕೇಳಿದ ಹಾಗಿತ್ತು. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡೆ. ಎಣ್ಣೆ ಬೆಳಿಗ್ಗೆಯೇ ಒಣಗಿತ್ತು.

ಬೊಂಬಾಯಿಯಿಂದ ಬಂದಿದ್ದ ಒಂದು ಹುಡುಗಿ ತನ್ನದು ಮುಗಿಸಿ ಹೊರಗೆ ಬಂದು ಕಮಾನು ಕೊಟ್ಟಳು. ಅವಳ ತಾಯಿ ಇಂಗ್ಲಿಷಿನಲ್ಲಿ ಏನೋ ಗದರಿದಳು, ಆದರೂ ಕೊಟ್ಟಳು. ಇವಳು ಅದನ್ನು ಹಿಡಿದು ಒಳಗೆ ಹೋದಳು. ಬಾಗಿಲು ಅರ್ಧ ತೆರೆದಿತ್ತು, ನನಗೆ ಎಲ್ಲ ಕೇಳಿಸಿತು. ಮೊದಲು ಚೆನ್ನಾಗಿತ್ತು. ಬೇರೆಯವರ ಕಮಾನು, ತೂಕ ಬೇರೆ, ಕೈಗೆ ಹೊಂದಲಿಲ್ಲ ಅಂತ ಮೇಷ್ಟ್ರು ಆಮೇಲೆ ಹೇಳಿದರು. ನಡುವಿನ ಏರಿಗೆ ಬಂದಾಗ ಸದ್ದು ಒಳಗೊಳಗೇ ಮುಳುಗಿತು, ನೀರಿರುವ ಕಾಯಿ ಅಲ್ಲಾಡಿಸಿದ ಹಾಗೆ. ಇಂಗ್ಲಿಷ್ ಬರದಿದ್ದರೂ ಫಲಿತಾಂಶ ನನಗೆ ಅಲ್ಲೇ ಗೊತ್ತಾಯಿತು.

ವಾಪಸು ಬರುವಾಗ ಪೆಟ್ಟಿಗೆಯನ್ನು ಮೇಷ್ಟ್ರೇ ಹಿಡಿದುಕೊಂಡರು. ನಾವು ಕ್ರಾಸಿನಲ್ಲಿ ಇಳಿದಾಗಲೂ ಕೊಡಲಿಲ್ಲ. ಬಸ್ಸು ಅವರನ್ನು ಕೂರಿಸಿಕೊಂಡು ತಿಪಟೂರಿಗೆ ಹೋಯಿತು. ಇಪ್ಪತ್ತು ದಿನದ ಮೇಲೆ ಕಾಗದ ಬಂತು. ಅವಳು ಓದಿ ಮಡಿಸಿ ಸೂರಿಗೆ ಸಿಕ್ಕಿಸಿದಳು. "ಇಲ್ವಂತೆ," ಅಂದಳು.

ಆ ವರ್ಷ ಕೊಬ್ಬರಿ ಒಡೆಯುವಾಗ ಯಾರೂ ಕರೆಯದೆ ನನ್ನ ಎದುರಿಗೆ ಬಂದು ಕೂತಳು. ಚಿಪ್ಪು ಒಡೆದಳು, ಉಂಡೆಗೆ ಏಟು ಬೀಳದ ಹಾಗೆ, ಜಾಣತನದಿಂದಲೇ. ಎರಡು ದಿನದಲ್ಲಿ ಅವಳ ಕೈ ನನ್ನ ಕೈ ಥರ ಜಿಡ್ಡಾಯಿತು. ಮೂರನೇ ದಿನ ಕೇಳಿದೆ, "ಅವತ್ತು ಯಾಕೆ ಸುಳ್ಳು ಹೇಳಿದೆ?"

ತಲೆ ಎತ್ತಲಿಲ್ಲ. "ನಾನು ಹಂಗಂದ್ರೆ ನೀನು ಇಲ್ಲ, ನಾನೇ ಹಚ್ಚಿದ್ದು ಅಂತ ಹೇಳ್ತೀಯ ಅಂದ್ಕೊಂಡೆ."

ಕೈಲಿದ್ದ ಚಿಪ್ಪು ಒಡೆದು ಮುಗಿಸಿ ಅಂದಳು, "ಬುಡು ಅಜ್ಜಿ. ಅದನ್ನ ಹಿಂಗೆ ಕೊಡು." ಅವಳು ಕೇಳಿದ್ದು ಇನ್ನೂ ಒಡೆಯದ ಕಾಯಿಯ ಕುಕ್ಕೆಯನ್ನು.

ಮಾರನೇ ದಿನ ತಿಪಟೂರಿಗೆ ಹೋದೆ. ಮೇಷ್ಟ್ರು ಜಗಲಿಯಲ್ಲಿ ಕೂತಿದ್ದರು. ಕೂರಿ ಅನ್ನುವ ಮೊದಲೇ ಹೇಳಿದೆ, "ಎಣ್ಣೆ ಹಚ್ಚಿದ್ದು ನಾನು. ಒದ್ದೆ ಬಟ್ಟೇಲಿ ಒರೆಸಿ ಹಚ್ಚಿದೆ."

"ಗೊತ್ತು ಕಣಮ್ಮ," ಅಂದರು. "ತುದಿಯಿಂದ ಬುಡದ ತನಕ ಒಂದೇ ಸಮ ಇತ್ತು. ಬಾಚಿದ ಕೈ ತಗುಲಿದ್ದಲ್ಲ ಅದು. ಹುಡುಗೀರು ಅಷ್ಟು ನೀಟಾಗಿ ಹಚ್ಚಲ್ಲ."

"ಗೊತ್ತಿದ್ದೂ ಅವಳನ್ನ ಯಾಕೆ ಬಯ್ದ್ರಿ?"

"ನಿಮ್ಮನ್ನ ಬಯ್ಯೋಕಾಗ್ತಿತ್ತಾ?" ಅಂದು ಸರಿದು ಜಗಲಿಯಲ್ಲಿ ಜಾಗ ಮಾಡಿಕೊಟ್ಟರು. ಆಮೇಲೆ ಮೆಲ್ಲಗೆ ಅಂದರು, "ಅವಳೇ ಬರಲಿ ಅಂತ ನೋಡ್ತಿದ್ದೆ. ಅವಳು ಬರಲಿಲ್ಲ. ನಾನೂ ಕರೀಲಿಲ್ಲ. ಇಬ್ಬರಿಗೂ ಸೊಕ್ಕು."

ಆ ಸ್ಪರ್ಧೆ ಇನ್ನೊಂದು ಸಲ ಯಾವಾಗ ಅಂತ ಕೇಳಿದೆ. ನಾಲ್ಕು ವರ್ಷಕ್ಕೊಂದು ಸಲ ಅಂದರು. ಅಷ್ಟು ಹೊತ್ತಿಗೆ ಅವಳಿಗೆ ಇಪ್ಪತ್ತು ದಾಟಿರುತ್ತೆ ಅಂತ ನಾನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಒಳಗೆ ಹೋಗಿ ಪೆಟ್ಟಿಗೆ ತಂದರು. ಕಮಾನಿಗೆ ಹೊಸ ಕೂದಲು ಕಟ್ಟಿಸಿದ್ದರು. ನಾನು ಅದನ್ನು ಸೆರಗಿನಲ್ಲಿ ಸುತ್ತಿ, ಕೈ ತಗುಲದ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಕಂಡಕ್ಟರು ಅದರೊಳಗೆ ಏನು ಅಂತ ಕೇಳಿದ. ಟಿಕೆಟ್ಟಿನ ದುಡ್ಡು ಕೊಟ್ಟೆ.

ಪೆಟ್ಟಿಗೆಯನ್ನು ಅವಳ ಮುಂದಿಟ್ಟು, "ಮೇಷ್ಟ್ರಿಗೆ ಹೇಳ್ದೆ," ಅಂದೆ. ಅವಳು ಎದ್ದು ಬಚ್ಚಲಿಗೆ ಹೋಗಿ ಸೀಗೆಪುಡಿಯಲ್ಲಿ ಕೈ ತೊಳೆದಳು. ಒಂದು ಸಲ ತೊಳೆದು, ಮೂಸಿ ನೋಡಿ, ಇನ್ನೊಂದು ಸಲ ತೊಳೆದಳು. ನಾನು ಅಟ್ಟ ಹತ್ತಿ ನನ್ನ ಕೆಲಸಕ್ಕೆ ಕೂತೆ.

ಕೆಳಗೆ ರಾಳ ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು. ಆಮೇಲೆ ನುಡಿಸಿದಳು, ಅದೇ ಪಾಠ. ಮೂರು ತಿಂಗಳು ಮುಟ್ಟದ ಕೈ, ಅಲ್ಲಲ್ಲಿ ತಪ್ಪಿತು. ನಡುವಿನ ಏರು ಬರುವ ಹೊತ್ತಿಗೆ ನನ್ನ ಕೈಯಲ್ಲಿ ಒಂದು ಕಾಯಿ ಇತ್ತು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಬಿಟ್ಟಿದೆಯೋ ನೀರಿದೆಯೋ ಕೇಳಿಸಲಿಲ್ಲ. ಇನ್ನೊಂದು ಸಲ ಅಲ್ಲಾಡಿಸಿದೆ, ಆಗಲೂ ಕೇಳಿಸಲಿಲ್ಲ, ಕಿವಿ ಕೆಳಗಿನ ಕೋಣೆಯಲ್ಲೇ ಇತ್ತು. ಅವಳದು ಮುಗಿಯಲಿ ಅಂತ ಆ ಕಾಯಿಯನ್ನು ಬಿಟ್ಟ ಕಾಯಿ, ನೀರಿನ ಕಾಯಿ ಎರಡು ರಾಶಿಯ ನಡುವೆ ಇಟ್ಟುಕೊಂಡು ಕೂತೆ.