ದಾದೇಸಾಬ ಅಳಿಸಿದ ಚುಕ್ಕೆಗಳು

ಅಂಗಡಿಗೆ ಬಂದ ಮಾಲಿನಂತೆ ನೋಡಿದರೆ ದಾದೇಸಾಬ ಮೊದಲ ದರ್ಜೆಗೆ ಬರುವವನಲ್ಲ. ಒಣಕಲು ಮೈ, ಒಂದು ಭುಜ ಇನ್ನೊಂದಕ್ಕಿಂತ ಕೆಳಗೆ, ಕನ್ನಡಕದ ಕಾಲಿಗೆ ದಾರ. ಕುಷ್ಟಗಿಯಲ್ಲಿ ತೊಗರಿ, ಜೋಳದ ದಲಾಲಿ ಅಂಗಡಿ ಇಟ್ಟವನು ನಾನು. ಚೀಲದ ಬಾಯಿ ಬಿಚ್ಚುವ ಮುಂಚೆಯೇ ಒಳಗಿನ ಕಾಳಿಗೆ ಬೆಲೆ ಕಟ್ಟುವ ಚಾಳಿ ನನಗಿದೆ. ಅವನಿಗೆ ಕಟ್ಟಿದ ಬೆಲೆ ಇಷ್ಟು: ಮಾತು ಕಡಿಮೆ, ವಸೂಲಿಗೆ ನಾಲಾಯಕ್ಕು, ಮೋಸ ಮಾಡುವಷ್ಟು ಚುರುಕಿಲ್ಲ.

ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಅವನ ಫೋಟೋ ಸ್ಟುಡಿಯೋ. ತಾವರಗೇರಾದವನು, ಮದುವೆ ಮನೆಗಳಲ್ಲಿ ಲೈಟು ಹಿಡಿದು ಕೆಲಸ ಕಲಿತವನು. ಈಗ ಮದುವೆಗಳೆಲ್ಲ ಡ್ರೋನ್ ಹಾರಿಸುವವರ ಪಾಲಾಗಿವೆ. ದಾದೇಸಾಬನಿಗೆ ಉಳಿದದ್ದು ಸಾಲಿ ಮಕ್ಕಳ ಐಡಿ ಕಾರ್ಡು ಮತ್ತು ಸತ್ತವರು. ಯಾರಾದರೂ ತೀರಿಕೊಂಡರೆ ಮನೆಯವರು ಆಧಾರ್ ಕಾರ್ಡನ್ನೋ, ಆಸ್ಪತ್ರೆಯಲ್ಲಿ ಮೊಬೈಲಿನಿಂದ ತೆಗೆದ ಕೊನೆಯ ಫೋಟೋವನ್ನೋ ಹಿಡಿದು ಅವನಲ್ಲಿಗೆ ಬರುತ್ತಾರೆ. ಅವನು ಫೋಟೋದಲ್ಲಿನ ಮೂಗಿನ ನಳಿಕೆ ಅಳಿಸುತ್ತಾನೆ, ಬತ್ತಿದ ಗಲ್ಲ ತುಂಬುತ್ತಾನೆ, ಅರ್ಧ ಮುಚ್ಚಿದ ಕಣ್ಣು ತೆರೆಸುತ್ತಾನೆ. ಜೀವಮಾನವೆಲ್ಲ ತಲೆಗೆ ಪಟಕಾ ಸುತ್ತಿದ ಮುದುಕನಿಗೆ ಕೋಟು ಯಾಕೆ ತೊಡಿಸಿದೆ ಎಂದು ಒಮ್ಮೆ ಕಾಡಿದ್ದೆ.

“ಹಾಕ್ಕೋಬೇಕಂತ ಆಸಿ ಇತ್ತೋ ಏನೋ, ಯಾರಿಗ್ ಗೊತ್ರಿ ಸಾವಕಾರ್ರ” ಅಂದ.

ನನ್ನ ಮಗಳು ಅಮೃತಾ ಇಲ್ಲಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ದಾಳಿಂಬೆ ಎಲೆಯ ಚುಕ್ಕೆ ರೋಗದ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಹೋದ ವರ್ಷ ಅವಳು ವಿಜ್ಞಾನ ಪತ್ರಿಕೆಯೊಂದಕ್ಕೆ ಲೇಖನ ಕಳಿಸಬೇಕಾಯಿತು. ಅವರಿಗೆ ಚಿತ್ರಗಳು ಅವರು ಹೇಳಿದ ಹಾಗೇ ಬೇಕು: ಹಿಗ್ಗಿಸಿದರೂ ಮಸುಕಾಗಬಾರದು, ಎರಡು ಎಲೆಗಳ ಚಿತ್ರ ಪಕ್ಕಪಕ್ಕ ಕೂರಿಸಬೇಕು, ಮೂಲೆಯಲ್ಲಿ ಎ, ಬಿ ಅಕ್ಷರ, ಕೆಳಗೆ ಅಳತೆಯ ಗೆರೆ. ಹೆಣ್ಣು ನೋಡಲು ಬರುವ ಬೀಗರೂ ಇಷ್ಟು ಕೇಳುವುದಿಲ್ಲ. ಅವಳ ಹಳೆಯ ಲ್ಯಾಪ್‌ಟಾಪ್ ಕೈಕೊಟ್ಟಿತು, ದಾದೇಸಾಬನ ಹತ್ತಿರ ಹೋದಳು.

ಎ ಎಂದರೆ ಔಷಧ ಹೊಡೆಯದ ಎಲೆ, ಮೈತುಂಬ ಚುಕ್ಕೆ. ಬಿ ಎಂದರೆ ಔಷಧ ಹೊಡೆದ ಎಲೆ. ಅದರಲ್ಲೂ ಅಲ್ಲಲ್ಲಿ ಚುಕ್ಕೆ ಉಳಿದಿದ್ದವು.

“ಇದು ಆರಾಮ ಆಗೇತೇನವಾ?” ಎಂದು ಅವನು ಕೇಳಿದನಂತೆ.

“ಹೂಂ ಕಾಕಾ, ಭಾಳಮಟ್ಟಿಗೆ ಆಗೇತಿ.”

ಅಷ್ಟೇ ಸಾಕಾಯಿತು. ಆರಾಮಾದವರ ಮೈಮೇಲೆ ರೋಗದ ಗುರುತು ಬಿಡುವುದು ಅವನ ಕೈಗೆ ಗೊತ್ತೇ ಇಲ್ಲ. ಪಕ್ಕದ ಹಸಿರನ್ನೇ ಎತ್ತಿ ಚುಕ್ಕೆಗಳ ಮೇಲೆ ಮುಚ್ಚಿ, ಎಲೆಯನ್ನು ಮದುಮಗಳ ಗಲ್ಲ ಮಾಡಿಟ್ಟ. ಗಡುವು ಹತ್ತಿರ ಬಂದಿತ್ತು. ಅಮೃತಾ ಅಕ್ಷರ ನೋಡಿದಳು, ಗೆರೆ ನೋಡಿದಳು, ಎಲೆಯನ್ನು ನೋಡದೆ ಕಳಿಸಿದಳು.

ಪತ್ರಿಕೆಯವರು ನೋಡಿದರು. ಒಂದೇ ನರದ ತುಣುಕು ಎಲೆಯಲ್ಲಿ ಎರಡು ಕಡೆ ಕಾಣುತ್ತಿದೆ, ಔಷಧ ಚೆನ್ನಾಗಿ ಕೆಲಸ ಮಾಡಿದೆ ಎಂದು ತೋರಿಸಲು ಚಿತ್ರ ತಿದ್ದಲಾಗಿದೆ ಎಂದು ವಿಶ್ವವಿದ್ಯಾಲಯಕ್ಕೆ ಬರೆದರು. ಅಲ್ಲಿ ವಿಚಾರಣೆಗೆ ಕರೆದರು. ತಪ್ಪು ಬೇಕಂತಲೇ ಆಗಿದೆ ಎಂದಾದರೆ ಪಿಎಚ್‌ಡಿ ರದ್ದು. ಮುಂದೆ ಯಾವ ಕಾಲೇಜೂ ಅವಳನ್ನು ಒಳಗೆ ಸೇರಿಸುವುದಿಲ್ಲ.

ಅವಳ ಪಿಎಚ್‌ಡಿ ಗೈಡ್ ಫೋನಿನಲ್ಲಿ, ತಪ್ಪನ್ನು ಸ್ಟುಡಿಯೋದವನ ಮೇಲೆ ಹಾಕಿಬಿಡು ಎಂದರು. “ಹೆಸರು ನಂದೈತ್ರಿ ಸರ್. ನೋಡದ ಕಳಿಸಿದಾಕಿ ನಾನು” ಎಂದು ಅವಳು ಫೋನ್ ಇಟ್ಟಳು.

ನಾನು ಸ್ಟುಡಿಯೋಕ್ಕೆ ಹೋದೆ.

“ಎಲಿಗೂ ಪೌಡರ್ ಬಳದೇನೋ ಮಾರಾಯಾ?”

ದಾದೇಸಾಬ ಪರದೆಯ ಮೇಲೆ ಮೂಲ ಎಲೆ, ತಾನು ತಿದ್ದಿದ ಎಲೆ ಎರಡನ್ನೂ ತೆರೆದು ನೋಡಿದ. “ಛಲೋ ಕಾಣ್ಲಿ ಅಂತ ಮಾಡಿದ್ನಿರಿ.”

“ಛಲೋ ಕಂಡದ್ದಕ್ಕ ನನ್ನ ಮಗಳು ಕಳ್ಳಿ ಆಗ್ಯಾಳ. ವಿಚಾರಣಿಗೆ ಕರದಾರ.”

“ಯಾವತ್ತ ಕರದಾರ್ರಿ ಆಕಿನ್ನ?” ಎಂದ.

ವಿಚಾರಣೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ನಮಗಿಂತ ಮುಂಚೆ ಬಂದು ನಿಂತಿದ್ದ. ಇಸ್ತ್ರಿ ಅಂಗಿ, ಜೇಬಿನಲ್ಲಿ ಮೂಲ ಫೋಟೋಗಳಿದ್ದ ಪೆನ್‌ಡ್ರೈವ್.

“ನಿನ್ನ ಯಾರ್ ಕರದಾರೋ?”

“ಯಾರೂ ಕರದಿಲ್ರಿ. ಅಳಿಸಿದಾವ ನಾನ ಅಲ್ಲೇನ್ರಿ?” ಎಂದ. ಹೋಗಬೇಡ ಎಂದು ಹೆಂಡತಿ ಖುರ್ಷಿದಾ ಬಾಗಿಲಿಗೆ ಅಡ್ಡ ನಿಂತಿದ್ದಳಂತೆ. ಫೋಟೋ ತಿದ್ದಿದೆ ಎಂದು ದೊಡ್ಡವರ ಮುಂದೆ ಒಪ್ಪಿಕೊಂಡರೆ ಇರುವ ಕೆಲಸವೂ ಹೋಗುತ್ತದೆ ಎಂಬುದು ಅವಳ ಹೆದರಿಕೆ. ಅದನ್ನು ಅವನು ದಾರಿಯಲ್ಲಿ ಹೇಳಿದ್ದು ಅಮೃತಾಗೆ ಕೇಳಿಸದಂತೆ.

ವಿಶ್ವವಿದ್ಯಾಲಯದಲ್ಲಿ ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನಿದ್ದೆ, ಒಳಗಿನದು ಕೇಳಿಸುತ್ತಿತ್ತು. ಅಮೃತಾ ತಾನು ನೋಡದೆ ಕಳಿಸಿದ್ದನ್ನು ಹೇಳಿದಳು. ಆಮೇಲೆ ಅವನನ್ನು ಕರೆದರು.

“ಅಳಿಸು ಅಂತ ಇವರು ಹೇಳಿದ್ರಾ?” ವಿಚಾರಣೆ ಮಾಡುತ್ತಿದ್ದ ಹಿರಿಯ ಮೇಡಂ ಕೇಳಿದರು.

“ಇಲ್ರಿ. ಹಿಂಗ ಮಾಡೀನಿ ಅಂತ ನಾನೂ ಹೇಳಿದ್ದಿಲ್ಲ.”

“ಮತ್ತೆ ಯಾಕೆ ಅಳಿಸಿದ್ರಿ?”

“ನಾ ಸತ್ತವರ ಫೋಟೋ ಮಾಡಾವರಿ ಮೇಡಂ. ನನ್ನ ಕಡೆ ಬರಾವ್ರು, ನಮ್ಮವರ ನೋವು ಕಾಣಬಾರದು ಅಂತ ಬರ್ತಾರ. ಈ ತಂಗಿಗೆ ರೋಗ ಎಷ್ಟು ಉಳದೈತಿ ಅನ್ನೂದ ಕಾಣಬೇಕಿತ್ತು. ಅದು ನನಗ ತಿಳೀಲಿಲ್ಲ.”

ಪೆನ್‌ಡ್ರೈವ್ ತೆರೆದು ಮೂಲ ಫೋಟೋ ನೋಡಿದರು. ಲೇಖನದಲ್ಲಿ ಅಮೃತಾ ಎಷ್ಟು ಚುಕ್ಕೆ ಉಳಿದಿವೆ ಎಂದು ಬರೆದಿದ್ದಳೋ ಅಷ್ಟೂ ಅಲ್ಲಿದ್ದವು. ಹೇಳಿದ್ದನ್ನು ಬರೆದುಕೊಡಬೇಕು ಎಂದರು. ಬರೆದ, ಸಹಿ ಹಾಕಿದ.

ನೋಡದೆ ಕಳಿಸಿದ್ದಕ್ಕೆ ಅಮೃತಾಗೆ ಎಚ್ಚರಿಕೆ ಕೊಟ್ಟರು. ಪಿಎಚ್‌ಡಿ ಉಳಿಯಿತು. ಚುಕ್ಕೆ ಇದ್ದ ಎಲೆಯೊಂದಿಗೆ ಲೇಖನ ಮತ್ತೆ ಹೋಗಿ, ಅಚ್ಚಾಯಿತು.

ಖುರ್ಷಿದಾ ಹೆದರಿದ್ದೂ ಆಯಿತು. ಫೋಟೋ ತಿದ್ದಿ ಸಿಕ್ಕಿಬಿದ್ದವನು ಎಂಬ ಮಾತು ಊರಲ್ಲಿ ಹಬ್ಬಿ, ಐಡಿ ಕಾರ್ಡಿನ ಕೆಲಸ ಬೇರೆಯವರ ಪಾಲಾಯಿತು. ನಾನು ಸಾಲಿಗೆ ಹೋಗಿ ಹೇಳಿ ನೋಡಿದೆ; ಅವರು ಚಹಾ ಕುಡಿಸಿ ಕಳಿಸಿದರು.

“ಬಾಯಿಲೆ ಹೇಳಿ ಬರಬೇಕಿತ್ತು. ಬರದ್ಯಾಕ ಕೊಟ್ಟಿ?” ಎಂದು ಅವನನ್ನು ಕೇಳಿದೆ.

“ಬಾಯಿಲೆ ಹೇಳಿದ್ರ ಆಕಿ ಉಳೀತಿದ್ಳೇನ್ರಿ ಸಾವಕಾರ್ರ?”

ಉಳಿಯುತ್ತಿರಲಿಲ್ಲ. ನನ್ನ ಮಗಳ ಮೇಲೆ ಬಂದ ಅಪವಾದವನ್ನು ಅವನು ತನ್ನ ಹೆಸರಿಗೆ ಬರೆದುಕೊಂಡ. ಅವಳು ಇಂದು ತಲೆ ಎತ್ತಿ ಪಾಠ ಮಾಡುತ್ತಿರುವುದಕ್ಕೆ ನಾನು ದಾದೇಸಾಬನಿಗೆ ಋಣಿ.