ತಗ್ಗಿನ ಮನೆಯ ಹಿಂದಿನ ಕೋಣೆ

ಬೀದಿಯ ಕೊನೆಗೆ, ಇಳಿಜಾರಿನ ತಳದಲ್ಲಿ ಆ ಮನೆ. ಮೊದಲು ಅಲ್ಲಿ ನೀರು ನಿಲ್ಲುವ ಕುಂಟೆಯಿತ್ತು. ಮಣ್ಣು ತುಂಬಿ ಸೈಟು ಮಾಡಿದರು. ಕಟ್ಟಿಸಿದ ಬಸ್ ಡ್ರೈವರ್ ಮೂರು ಮಳೆಗಾಲ ಕಂಡು ಮಾರಿದ. ಕೊಂಡ ದರ್ಜಿ ದಂಪತಿ ಎರಡಕ್ಕೇ ಸಾಕಪ್ಪಾ ಸಾಕು ಎಂದರು. ಆಮೇಲೆ ಬಂದ ಗುಮಾಸ್ತನೂ ಈಗ ಗಂಟುಮೂಟೆ ಕಟ್ಟಿದ್ದ. ಅಕ್ಕಪಕ್ಕದವರು ತಂತಮ್ಮ ಅಂಗಳ ಎತ್ತರಿಸಿಕೊಂಡಿದ್ದರು. ಬೀದಿಯ ನೀರೆಲ್ಲ ಈ ಮನೆಯ ಬುಡಕ್ಕೇ. ಕೇಳಿದರೆ ಒಬ್ಬರೂ ಬಾಯಿ ಬಿಡರು. ಈ ಮನೆಗೆ ಹೆಸರು ಕೆಟ್ಟರೆ ತಮ್ಮದಕ್ಕೂ ಬೆಲೆ ಬೀಳುತ್ತದಲ್ಲ!

ಪ್ರತಿ ಮಾರಾಟಕ್ಕೂ ಹಿಂದಿನ ಕೋಣೆಗೆ ಬಣ್ಣ ಬಳಿದವನು ಒಬ್ಬನೇ, ಬಣ್ಣದ ಮೇಸ್ತ್ರಿ. ಬೂಷ್ಟು ಕೆರೆದು, ಡಾಂಬರು ಹಚ್ಚಿ, ಮೇಲೆ ಎರಡು ಕೈ ಪುಟ್ಟಿ ಎಳೆದು ಬಣ್ಣ ಹೊಡೆದನೆಂದರೆ ಬೇಸಿಗೆಯೆಲ್ಲ ಗೋಡೆ ಕನ್ನಡಿ. ಮಾರುವುದೂ ಬೇಸಿಗೆಯಲ್ಲೇ. ಕೊಳ್ಳುವವರು ಯಾರೆಂದು ಅವನು ಎಂದೂ ಕೇಳಿದವನಲ್ಲ. ಬ್ರೋಕರ್ ಕರೆದರೆ ಒಲೆ ಉರಿಯುತ್ತದೆ, ಉಳಿದದ್ದು ಅವರವರ ಹಣೆಬರಹ.

ಈ ಸಲ ಬಣ್ಣ ಒಣಗುವ ಮುಂಚೆಯೇ ಬ್ರೋಕರ್ ಗಿರಾಕಿಯನ್ನು ಕರೆತಂದ. ಬಾಗಿಲಲ್ಲಿ ನಿಂತಿದ್ದು ಮೇಸ್ತ್ರಿಯ ಸ್ವಂತ ತಮ್ಮ, ಪಕ್ಕದಲ್ಲಿ ಹೆಂಡತಿ, ಅವಳ ಸೊಂಟದ ಮೇಲೆ ಉಬ್ಬಸದ ಕೂಸು.

"ಅಯ್ಯೋ ಅಣ್ಣಾ, ನೀನಿಲ್ಲಿ! ಮನೆ ತಗೊಂಡ್ಮೇಲೆ ಹೇಳೋಣ ಅಂತಿದ್ವಿ. ನೋಡೇ, ಮನೆ ಜೊತೆ ಪೇಂಟರೂ ಫ್ರೀ!"

"ಈ ಕೋಣೆ ತಂಪಾಗಿದೆ ರೀ. ಪಾಪು ಇಲ್ಲೇ ಮಲಗ್ಲಿ," ಎಂದಳು ತಮ್ಮನ ಹೆಂಡತಿ.

ಮೇಸ್ತ್ರಿಯ ಬ್ರಷ್ಷು ಡಬ್ಬಿಗೆ ಬಿತ್ತು. "ಬೇಡ ಕಣೋ ಈ ಮನೆ. ಮಳೆ ಬಂದ್ರೆ ಗೋಡೆಯೆಲ್ಲ ಒದ್ದೆ. ಮಗೂಗೆ ಉಸಿರು ಕಟ್ಟುತ್ತೆ."

"ತಮಾಷೆ ಮಾಡ್ತಾರೆ ಸಾರ್," ಬ್ರೋಕರ್ ಹಲ್ಲು ಕಿರಿದ.

"ನಿಮ್ದಿನ್ನೂ ಬಾಡಿಗೆ ಮನೆ ಅಲ್ವಾ ಭಾವ?" ಅವಳು ಮೆಲ್ಲಗೆ ಕೇಳಿದಳು. "ಸಂಕಟ ಆಗುತ್ತೆ ಬಿಡಿ, ಯಾರಿಗಾದ್ರೂ."

ಮೇಸ್ತ್ರಿಗೆ ಮೈಯೆಲ್ಲ ಉರಿದುಹೋಯಿತು. ಕೆರೆಯುವ ತಗಡು ಎತ್ತಿಕೊಂಡವನೇ ತಾನೇ ನುಣುಪು ಮಾಡಿದ ಗೋಡೆಯನ್ನು ಸೀಳಿದ. ಹಕ್ಕಳೆ ಹಕ್ಕಳೆಯಾಗಿ ಬಿತ್ತು. ಒಳಗೆ ಕಪ್ಪು ಇಟ್ಟಿಗೆ, ಕೊಳೆತ ವಾಸನೆ. ಮಗು ಕೆಮ್ಮತೊಡಗಿತು.

"ನೋಡ್ರೀ! ಇದೂ ನನ್ನ ಹೊಟ್ಟೆಕಿಚ್ಚೇನು?"

"ಇನ್ಮೇಲೆ ನಿನಗೆ ಒಂದು ಗೋಡೆ ಸಿಗದ ಹಾಗೆ ಮಾಡ್ತೀನಿ!" ಬ್ರೋಕರ್ ಕಿರುಚಿದ. ಹಾಳಾಗಿ ಹೋಗಲಿ, ಮಗು ಉಳಿಯಿತಲ್ಲ ಎಂದುಕೊಂಡ ಮೇಸ್ತ್ರಿ.

ತಮ್ಮ ಮಾತ್ರ ಗೋಡೆಯ ಆ ಗಾಯವನ್ನೇ ನೋಡುತ್ತ ನಿಂತಿದ್ದ. ಆಮೇಲೆ ಬ್ರೋಕರನ ಹೆಗಲ ಮೇಲೆ ಕೈ ಹಾಕಿ ಅಂಗಳಕ್ಕೆ ಕರೆದೊಯ್ದ. ತಿರುಗಿ ಬಂದಾಗ ಮುಖ ಅರಳಿತ್ತು.

"ಭೇಷ್ ಅಣ್ಣಾ! ನೀನು ಗೋಡೆ ಕಿತ್ತಿದ್ದಕ್ಕೆ ಬೆಲೆ ಅರ್ಧಕ್ಕರ್ಧ ಇಳಿಸ್ದ. ತಗೊಂಡ್ವಿ!"

"ಮಗು ಕಣೋ..."

"ಪಾಪು ಒಂದು ಮಳೆಗಾಲ ತಡ್ಕೋತಾಳೆ. ಮುಂದಿನ ಬೇಸಿಗೇಲಿ ಪೂರ್ತಿ ಬೆಲೆಗೆ ಮಾರೋದು. ಬಳಿಯೋಕೆ ನೀನಿದ್ದೀಯಲ್ಲ."

ಮೇಸ್ತ್ರಿಯ ಕೋಪ ಎಲ್ಲಿ ಇಳಿಯಿತೋ. ಅಂಗಲಾಚಿದ: "ಆ ಮಳೆಗಾಲ ಒಂದು ಪಾಪು ನಮ್ಮನೇಲಿರ್ಲಿ. ನಿಮ್ಮತ್ತಿಗೆ ನೋಡ್ಕೋತಾಳೆ."

"ಸ್ವಂತ ಮನೆ ಇಟ್ಕೊಂಡು ಮಗೂನ ಬಾಡಿಗೆ ಮನೇಲಿ ಬಿಟ್ರು ಅಂತಾರೆ ಭಾವ," ಎಂದಳು ಅವಳು. "ನಾಲ್ಕು ಜನ ನಗೋದು ಬೇಡ."

ಕೆಮ್ಮಿ ಸುಸ್ತಾದ ಮಗು ದೊಡ್ಡಪ್ಪನತ್ತ ಕೈ ಚಾಚಿತು. ಅವನ ಕೈ ಮೊಣಕೈವರೆಗೂ ಬೂಷ್ಟು. ಎತ್ತಿಕೊಳ್ಳಲಾಗಲಿಲ್ಲ.