ಕರಿಬೇವಿನ ಹುಳು, ಕೆಂಪು ಎಳೆ

ಮೊನ್ನೆ ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಹಿತ್ತಲಲ್ಲಿ ಒಗ್ಗರಣೆಗೆಂದು ಕರಿಬೇವು ಮುರಿಯುವಾಗ ಬೆರಳಿಗೆ ಮೆತ್ತಗೆ ಏನೋ ತಾಗಿತು. ಎಲೆಯಷ್ಟೇ ಹಸಿರಾದ ಹುಳು. ಸಿಟ್ಟಿಗೆದ್ದು ನೆತ್ತಿಯಿಂದ ಎರಡು ಕೆಂಪು ಕೋಡು ಹೊರಹಾಕಿ, ಕೊಳೆತ ನಿಂಬೆಹಣ್ಣಿನಂಥ ವಾಸನೆ ಬಿಟ್ಟಿತು. ಬೇರೆಯವರಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದರೇನೋ. ನಾನು ಒಲೆಯ ಮೇಲಿನ ಎಣ್ಣೆಯನ್ನೂ ಮರೆತು ನಿಂತುಬಿಟ್ಟೆ. ಆ ವಾಸನೆಗೆ ಇಳಕಲ್ಲಿನ ಪಕ್ಕದ ಮನೆಯ ಆಯಿ ನೆನಪಾಗಿದ್ದಳು...

ಆಗ ನಾನು ಅಲ್ಲಿ ಶಾಲೆಯ ಶಿಕ್ಷಕಿ. ನನ್ನ ಬಾಡಿಗೆ ಮನೆಗೂ, ಮಗ ಸೊಸೆಯೊಂದಿಗೆ ಆಯಿ ಇದ್ದ ಮನೆಗೂ ಸೇರಿ ಒಂದೇ ಹಿತ್ತಲು, ಒಂದೇ ಕರಿಬೇವಿನ ಗಿಡ. ಮೊಬೈಲಿಗೆ ಸಿಕ್ಕಿಸುವ ಪುಟ್ಟ ಲೆನ್ಸು ಕೊಂಡ ಹೊಸ ಹುಚ್ಚು ನನಗೆ. ರವಿವಾರ ಬಂತೆಂದರೆ ಮೊಣಕಾಲೂರಿ ಹುಳುಗಳ ಫೋಟೋ ತೆಗೆಯುವುದೇ ಕೆಲಸ. ಉಸಿರು ಬಿಟ್ಟರೂ ಚಿತ್ರ ಅಲುಗುತ್ತಿತ್ತು. ಆಯಿ ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು. "ಮಂದಿ ಹುಳಾ ಕಂಡ್ರ ಕಸಬರಿಗಿ ತರ್ತಾರ, ನೀ ಫೋನ್ ತರ್ತಿ ನೋಡ!" ಆದರೆ ಹುಳುವಿದ್ದ ಕೊಂಬೆಯಿಂದ ಒಂದೆಲೆಯನ್ನೂ ಕೀಳುತ್ತಿರಲಿಲ್ಲ. ಸಾರಿಗೆ ಕರಿಬೇವನ್ನು ಸಂತೆಯಿಂದ ತರಿಸುತ್ತಿದ್ದಳು.

ಆಯಿ ಜೀವನವಿಡೀ ಕೊಂಡಿ ಹಾಕಿದವಳು. ಸೀರೆಯ ಮೈಯ ಎಳೆಗೆ ಸೆರಗಿನ ಕೆಂಪು ಎಳೆಯನ್ನು ಒಂದೊಂದಾಗಿ ಸಿಕ್ಕಿಸುವ ಕೆಲಸ ಅದು. ಕಣ್ಣಿಗೆ ಪೊರೆ ಬಂದ ಮೇಲೆ ಬಿಟ್ಟಿದ್ದಳು. "ಈ ಕೈ ಇನ್ನ ಉಣ್ಣಾಕಷ್ಟ" ಎಂದು ನಗುತ್ತಲೇ ಅನ್ನುತ್ತಿದ್ದಳು. ಕೇಳಿದರೆ ನನಗೆ ಸಂಕಟವಾಗುತ್ತಿತ್ತು.

ಒಂದು ದಿನ ಹುಳು ತಿನ್ನುವುದನ್ನು ಬಿಟ್ಟು, ಕೊಂಬೆಗೆ ಬಾಲ ಅಂಟಿಸಿ, ಸೊಂಟಕ್ಕೆ ಕೂದಲಿಗಿಂತ ತೆಳುವಾದ ಎಳೆ ಕಟ್ಟಿಕೊಂಡು ಒರಗಿತು. ಮರುದಿನಕ್ಕೆ ಕೋಶವಾಗಿತ್ತು. ಫೋಟೋ ತೆಗೆದು, ದೊಡ್ಡದು ಮಾಡಿ ಆಯಿಯ ಕಣ್ಣ ಹತ್ತಿರ ಹಿಡಿದೆ. ಬಹಳ ಹೊತ್ತು ನೋಡಿದಳು. "ಅಯ್ಯ ತಂಗಿ, ಇದೂ ಕೊಂಡಿ ಹಾಕೈತಲ್ಲ!"

ಆ ಖುಷಿಯಲ್ಲೇ ನಾನು ಎಡವಟ್ಟು ಮಾಡಿದೆ. ಇನ್ನೂ ಹತ್ತಿರದ ಚಿತ್ರ ಬೇಕೆಂದು ಕೊಂಬೆ ಬಗ್ಗಿಸಲು ಹೋಗಿ, ಲೆನ್ಸು ತಾಗಿ ಎಳೆ ಹರಿಯಿತು. ಕೋಶ ತಲೆಕೆಳಗಾಗಿ ಜೋತುಬಿತ್ತು. ನನಗೆ ಅಳುವೇ ಬಂತು. ಆಯಿ ಬೈಯಲಿಲ್ಲ. ಒಳಗಿನಿಂದ ಒಂದು ತುಂಡು ಕೆಂಪು ರೇಷ್ಮೆ ಎಳೆ ತಂದಳು. ಎಳೆ ಜಾರದಂತೆ ಬೆರಳಿಗೆ ಚೂರು ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿ, ಬರೀ ಮುಟ್ಟಿ ನೋಡಿಯೇ ಕೋಶವನ್ನೆತ್ತಿ ಕೊಂಬೆಗೆ ಕಟ್ಟಿದಳು. ಬಿಗಿಯಲ್ಲ, ಸಡಿಲವೂ ಅಲ್ಲ. ನಾನು ಉಸಿರು ಹಿಡಿದು ಒಂದೇ ಒಂದು ಫೋಟೋ ತೆಗೆದೆ.

ಹತ್ತು ದಿನ ಇಬ್ಬರಿಗೂ ಅದೇ ಧ್ಯಾನ. ಹನ್ನೊಂದನೆಯ ಮುಂಜಾನೆ ಆಯಿ ಗೋಡೆ ಬಡಿದು ಕರೆದಳು. ಕೆಂಪು ಎಳೆ ಹಿಡಿದಿದ್ದ ಖಾಲಿ ಕೋಶದ ಮೇಲೆ ಕೂತು ಚಿಟ್ಟೆ ಒದ್ದೆ ರೆಕ್ಕೆ ಆರಿಸಿಕೊಳ್ಳುತ್ತಿತ್ತು. ಆಯಿ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ನಂದೂ ಒಂದ ಫೋಟೋ ತೆಗಿ ತಂಗಿ" ಎಂದಳು. ನನ್ನ ಗಮನವೆಲ್ಲ ಚಿಟ್ಟೆಯ ಮೇಲೆ.

"ಮೋಡ ಐತಿ ಆಯಿ, ಬೆಳಕ ಸಾಲೂದಿಲ್ಲ. ನಾಳೆ ತೆಗೀತೇನಿ."

"ಹುಳಕ್ಕ ಸಾಲೂ ಬೆಳಕ ನನಗ ಸಾಲೂದಿಲ್ಲೇನ?" ಎಂದು ನಕ್ಕಳು. ನಾನೂ ನಕ್ಕೆ... ಆ ನಾಳೆಯನ್ನು ಎಷ್ಟು ಸಲ ಮುಂದೆ ಹಾಕಿದೆನೋ.

ವರ್ಗವಾಗಿ ಬಾಗಲಕೋಟೆಗೆ ಬಂದೆ. ಆ ಚಳಿಗಾಲದಲ್ಲಿ ಆಯಿಯ ಸೊಸೆ ಫೋನು ಮಾಡಿದಳು. ಆಯಿ ಹೋಗಿ ಮೂರು ದಿನವಾಗಿತ್ತಂತೆ. ಗೋಡೆಗೆ ಹಾಕಲು ಫೋಟೋ ಬೇಕಿತ್ತು, ಆಧಾರ್ ಕಾರ್ಡಿನಲ್ಲಿದ್ದದ್ದು ಮಸುಕು. "ನಿಮ್ಮ ಹಂತ್ಯಾಕ ಇದ್ದೇ ಇರ್ತೈತ್ರಿ ಅಕ್ಕೋರ, ಯಾವಾಗ್ಲೂ ಫೋಟೋ ತೆಗೀತಿದ್ರಲ್ಲ."

ಮೊಬೈಲೆಲ್ಲ ಜಾಲಾಡಿದೆ. ಹುಳುವಿನ ಮೈಮೇಲಿನ ಒಂದೊಂದು ಚುಕ್ಕೆಯೂ ಕಾಣುವಂಥ ನೂರಾರು ಚಿತ್ರಗಳಿದ್ದವು. ಆಯಿಯ ಮುಖ ಒಂದರಲ್ಲೂ ಇರಲಿಲ್ಲ. ಸಿಕ್ಕಿದ್ದು ಎರಡು ಬೆರಳು, ನಡುವೆ ಒಂದು ಕೆಂಪು ಎಳೆ. ನಾಚಿಕೆಯಿಂದ ಅದನ್ನೇ ಕಳಿಸಿದೆ. ಗೋಡೆಗೆ ಹಾಕಿದರೋ ಇಲ್ಲವೋ, ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ.

ಮೊನ್ನೆಯ ಹುಳು ಇನ್ನೂ ಗಿಡದಲ್ಲೇ ಇದೆ. ಒಗ್ಗರಣೆಗೆ ಕರಿಬೇವನ್ನು ನಾನೂ ಸಂತೆಯಿಂದ ತಂದಿದ್ದೇನೆ. ಇವತ್ತು ಮುಂಜಾನೆ ಮೋಡ ಕವಿದಿತ್ತು. ಆದರೂ ಹಿತ್ತಲಿಗೆ ಹೋಗಿ ಅದರ ಒಂದು ಫೋಟೋ ತೆಗೆದೆ. ಬೆಳಕು ಸಾಕಾಗಿತ್ತು.